ಅರ್ಧ ಟಿಕೆಟ್ಟು

ಹಾಲಿನ ಲೆಕ್ಕದ ಕ್ಯಾಲೆಂಡರಿನಿಂದ
ಮುಗಿದ ತಿಂಗಳ ಹಾಳೆ ಹರಿದು
ಬೆನ್ನಿಗೆ ಗೆರೆ ಎಳೆದಿದ್ದಾಳೆ ಜನ್ಯ.
ಎಡಕ್ಕೆ ನೋಡುವುದು, ಬಲಕ್ಕೆ ದುಡ್ಡು.
ಸ್ಕೇಲು ಸಿಗದೆ ಬಾಚಣಿಗೆ ಹಿಡಿದು ಎಳೆದ ಗೆರೆ
ನಡುವೆ ಒಂದು ಕಡೆ ಕುಂಟಿದೆ.

ಮೊದಲು ಆನೆ ಅಂತ ಬರಿ, ಅಂದ ಮೋನಿಶ.
ಆನೆಗೆಷ್ಟು?
ದುಬಾರೆಯಲ್ಲಿ ಹೊಳೆ ದಾಟಲು ದೋಣಿಗೊಂದು,
ಒಳಗೆ ಹೋಗಲೊಂದು,
ಬೆನ್ನುಜ್ಜಿ ಮೀಯಿಸುತ್ತೇನೆಂದರೆ ಅದಕ್ಕೆ ಬೇರೆ.
ಹಿತ್ತಲ ಬಾಳೆ ಮುರಿಯಲು ಪುಕ್ಕಟೆ ಬರುತ್ತದಲ್ಲ,
ಅದನ್ನೇ ನೋಡೋ, ಎಂದೆ.
ಅದು ರಾತ್ರಿ ಬರುತ್ತದೆ, ಅಂದ. ಮುಖ ಕಾಣುವುದಿಲ್ಲ.

ದಸರಾ ರಜೆಯ ಹನ್ನೊಂದು ದಿನವೂ
ನಾನು ಚೆಟ್ಟಳ್ಳಿಯ ಹೋಂಸ್ಟೇಯಲ್ಲಿ ಹಾಸಿಗೆ ಬದಲಿಸಿದೆ.
ನಾಲ್ಕು ಕೋಣೆ, ಹದಿನಾರು ದಿಂಬು,
ಮಂಟಪ ನೋಡಿ ನಸುಕಿಗೆ ಬಂದವರ
ಕೆಸರಿನ ಕಾಲು, ಒದ್ದೆ ಟವೆಲ್ಲು.
ರಾತ್ರಿಗೆ ಐದು ಸಾವಿರ, ಊಟ ಬೇರೆ.
ಫೋನು ಬಂದರೆ ಹೇಳುವವಳು ನಾನೇ;
ಬಾಯಿಪಾಠವಾಗಿಬಿಟ್ಟಿದೆ.
ಭಾನುವಾರ ಕೊನೆಯ ಕಾರೂ ಇಳಿದುಹೋಯಿತು.
ಸೋಮವಾರ, ಮಂಗಳವಾರ ನಮ್ಮದು.
ಬುಧವಾರ ಇಸ್ಕೂಲು.

ನಾವೂ ಹೋಂಸ್ಟೇಯಲ್ಲಿ ಮಲಗುತ್ತೇವಾ?
ಹ್ಞೂಂ, ಗುಡ್ಡೆಹೊಸೂರಿನ ದಮಯಂತಿ ಚಿಕ್ಕಮ್ಮನಲ್ಲಿ.
ಅದು ಚಿಕ್ಕಮ್ಮನ ಮನೆ.
ಕೋಣೆಗೆ ಸೋಪು ನಾನಿಡುತ್ತೇನೆ,
ಬಂದವರು ಬಿಚ್ಚದೆ ಬಿಟ್ಟುಹೋದವು ನಾಲ್ಕಿವೆ.
ಟವೆಲ್ಲನ್ನೂ ಹಂಸದ ಹಾಗೆ ಮಡಚಿಡುತ್ತೇನೆ.
ಚಿಕ್ಕಮ್ಮನ ಟವೆಲ್ಲು ತೆಳು, ಅಂದಳು ಜನ್ಯ,
ಕೊಕ್ಕರೆ ಆಗಬಹುದು.
ಏಳನೇ ಕ್ಲಾಸಿನ ಮೇಲೆ
ಅವಳು ಮನೆಯಲ್ಲಿ ನಕ್ಕದ್ದು ಅಪರೂಪ.

ಬುತ್ತಿಗೆ ಅಕ್ಕಿ ಒತ್ತಿ, ಎಳ್ಳು ಪಜ್ಜಿ. ಮನೆಯದೇ, ಸೊನ್ನೆ.
ಚಿಕ್ಕಮ್ಮನಿಗೆ ಬರಿಗೈಯಲ್ಲಿ ಹೋಗುವುದೇ?
ಕಾಲು ಕೆಜಿ ಖಾರ, ಅರುವತ್ತು.
ತೂಗುಸೇತುವೆಗೆ ಟಿಕೆಟ್ಟು.
ಐಸ್‌ಕ್ರೀಮು ಒಂದೇ ಸಲ, ಕಡ್ಡಿಯದು.
ಎಂಟೂವರೆಯ ಕೆಂಪು ಬಸ್ಸು ತಪ್ಪಬಾರದು,
ತಪ್ಪಿದರೆ ಖಾಸಗಿ, ಎಲ್ಲರಿಗೂ ದುಡ್ಡು.
ಕೆಂಪು ಬಸ್ಸಲ್ಲಿ ಆಧಾರ್ ತೋರಿಸಿದರೆ ನನಗೆ ಸೊನ್ನೆ,
ಜನ್ಯಳಿಗೆ ಸೊನ್ನೆ,
ಮೋನಿಶನಿಗೆ ಅರ್ಧ ಟಿಕೆಟ್ಟು.

ನನಗೊಬ್ಬನಿಗೇ ಯಾಕೆ?
ನೀನು ಗಂಡಸು.
ಸ್ವಲ್ಪ ಹೊತ್ತು ಯೋಚಿಸಿದ.
ದುಡ್ಡು ಕೊಟ್ಟು ಹೋಗುವವನು ನಾನೊಬ್ಬನೇ ಅಲ್ಲವಾ,
ಹಾಗಾದರೆ ಕಿಟಕಿ ನನ್ನದು.
ಇದಕ್ಕೆ ಅಕ್ಕನ ಹತ್ತಿರವೂ ಉತ್ತರವಿರಲಿಲ್ಲ.

ಅವರಪ್ಪ ಮಂಟಪಕ್ಕೆ ಕಬ್ಬಿಣ ಬೆಸೆಯುವವರು.
ರಾಕ್ಷಸನ ಕೈ ಮೇಲೆ ಕೆಳಗೆ ಆಡುತ್ತದಲ್ಲ,
ಆ ಕೀಲು ಇವರದು.
ಎಂಟು ರಾತ್ರಿಯ ನಿದ್ದೆ ಬಾಕಿಯಿದೆ, ಕೂಲಿಯೂ ಬಾಕಿ.
ಬರಬೇಕಾದ ದುಡ್ಡನ್ನು ಪಟ್ಟಿಯಲ್ಲಿ ಬರೆಯಬಾರದು,
ಇದು ನನ್ನ ಅವ್ವ ಕಲಿಸಿದ್ದು.
ಕಂಬಳಿಯೊಳಗಿಂದಲೇ ಹೇಳಿದರು:
ನೀವು ಹೋಗಿ ಬನ್ನಿ. ನನ್ನದು ಪೂರಾ ಟಿಕೆಟ್ಟು, ಅದು ಉಳಿಯಿತಲ್ಲ.
ಜನ್ಯ ಹಾಗೆಯೇ ಬರೆದಳು:
ಅಪ್ಪ ಬಾರದೆ ಉಳಿತಾಯ, ಹೋಗಿಬರಲು ನೂರು.

ಅಡುಗೆಮನೆಯ ದೀಪ ಆರಿಸಿ ಬಂದಾಗ
ಆ ಸಾಲಿನ ಮೇಲೆ ರಬ್ಬರು ಉಜ್ಜಿ ಹಾಳೆ ಸವೆದಿತ್ತು.
ತೂಗುಸೇತುವೆಗೆ ಅಡ್ಡಗೀಟು.
ಐಸ್‌ಕ್ರೀಮಿಗೆ ಅಡ್ಡಗೀಟು, ಪಕ್ಕದಲ್ಲೇ ಸಣ್ಣಗೆ,
ಮೋನಿಶನಿಗೆ ಮಾತ್ರ ಇರಲಿ.
ಅಪ್ಪ, ಪೂರಾ, ಎಂದು ಹೊಸ ಸಾಲು.
ಕೂಡಿಸಿದ್ದು ತಪ್ಪಿತ್ತು, ಏಳು ರೂಪಾಯಿ.
ನಾನು ತಿದ್ದಲಿಲ್ಲ.
ಅಕ್ಕಿಹಿಟ್ಟಿಗೆ ಇನ್ನೊಂದು ಹಿಡಿ ಅನ್ನ ಕಲಸಿದೆ.

ಆನೆಗೆ ಎದುರು ಇನ್ನೂ ಏನೂ ಬರೆದಿರಲಿಲ್ಲ.
ಈಚೆ ದಡದ ಮೆಟ್ಟಿಲಲ್ಲಿ ಕೂತರೆ
ಆಚೆ ದಡದಲ್ಲಿ ಆನೆ ಮೀಯುವುದು ಕಾಣುತ್ತದೆ,
ಕೂರುವುದಕ್ಕೆ ಯಾರೂ ಕಾಸು ಕೇಳುವುದಿಲ್ಲ ಎಂದೆ.
ಮಲಗಿದ್ದಾನೆಂದುಕೊಂಡಿದ್ದವನು ಎದ್ದು ಕೂತ.
ಮುಖ ಕಾಣುತ್ತದಾ?
ಹಗಲಲ್ಲವಾ, ಕಾಣುತ್ತದೆ.
ಅದಕ್ಕೆ ನಾನು ಕಾಣುತ್ತೇನಾ?
ಮಳೆ ನಿಂತು ಹೆಚ್ಚು ದಿನವಾಗಿಲ್ಲ,
ಹೊಳೆ ಅಗಲವಾಗಿಯೇ ಇರುತ್ತದೆ.
ಕೆಂಪು ಅಂಗಿ ಹಾಕ್ಕೋ, ಎಂದೆ.